ಟ್ಯಾಬಿನೊಳಗಿನ ಬ್ಯಾಂಡು, ಚೀಲದ ಹಿಂದಿನ ಕಿಟಕಿ

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಇಲ್ಲ. ಇದು ನಿಮಗೆ ಗೊತ್ತಿರಬೇಕು. ಅದರಲ್ಲಿ ಇರುವುದು ಬಣ್ಣ. ಆ ಬಣ್ಣ ಪರದೇಶಕ್ಕೆ ಹೋಗಿ ಯಾರದೋ ತುಟಿಯ ಮೇಲೆ ಕೂರುತ್ತದೆ ಎಂದು ನಮ್ಮ ಭಾಗದ ಪ್ರತಿಯೊಬ್ಬ ಭಾಷಣಕಾರನೂ ಎದೆ ಉಬ್ಬಿಸಿ ಹೇಳುತ್ತಾನೆ. ಅದೇ ಕಾಯಿಯ ಧೂಳು ಯಾರ ಗಂಟಲಲ್ಲಿ ಕೂರುತ್ತದೆ ಎಂದು ಹೇಳಿದ ಒಬ್ಬನನ್ನು ತೋರಿಸಿ, ಅವನಿಗೆ ನಾನೇ ಶಾಲು ಹೊದಿಸುತ್ತೇನೆ.

ಧೂಳು ಕೂತದ್ದು ಕರೆವ್ವನ ಗಂಟಲಲ್ಲಿ. ಕರೆವ್ವನಿಗೆ ಅರವತ್ತರ ಆಸುಪಾಸು. ಬ್ಯಾಡಗಿಯ ಅಂದಾನೆಪ್ಪ ಸಾವಕಾರರ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಮೂವತ್ತು ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ, ನಡುವೆ ಕೆಂಪು ಗುಡ್ಡೆ. ಆ ಗೋದಾಮಿಗೆ ಇರುವುದು ಒಂದೇ ಕಿಟಕಿ. ಆ ಕಿಟಕಿಗೆ ಅಡ್ಡವಾಗಿ ಹದಿನಾಲ್ಕು ಚೀಲ. ಯಾಕೆಂದರೆ ಗಾಳಿ ಆಡಿದರೆ ಕಾಯಿ ಒಣಗುತ್ತದೆ, ಒಣಗಿದರೆ ತೂಕ ಇಳಿಯುತ್ತದೆ. ಹೆಂಗಸರು ಒಣಗಿದರೆ ಅಡ್ಡಿಯಿಲ್ಲ, ಅವರನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ.

"ಧಣೀರ, ಕಿಟಕಿ ತಗೀರಿ" ಎಂದು ಕರೆವ್ವ ಮೊದಲ ವರ್ಷ ಕೇಳಿದಾಗ ಅವಳದು ಸೋಬಾನೆ ಹಾಡುವ ದನಿಯಾಗಿತ್ತಂತೆ. ಸಾವಕಾರರು "ನೋಡೂಣು" ಎಂದರು. ಮರುವರ್ಷವೂ ಕೇಳಿದಳು. ಮರುವರ್ಷವೂ "ನೋಡೂಣು". ಹೀಗೆ ಇಪ್ಪತ್ತೆರಡು ನೋಡೂಣು ಮುಗಿಯುವ ಹೊತ್ತಿಗೆ ಅವಳ ದನಿ ಹಾಸುಗಲ್ಲಿನ ಮೇಲೆ ಒರಳು ಎಳೆದ ಹಾಗಾಗಿತ್ತು. ಕೂಸುಗಳು ಹೆದರುತ್ತವೆ ಎಂದು ಮದುವೆ ಮನೆಗಳಲ್ಲಿ ಅವಳನ್ನು ಸೋಬಾನೆಗೆ ಕರೆಯುವುದನ್ನೂ ಬಿಟ್ಟರು.

ಇದು ಅವಳ ಸೊಸೆ ಶ್ರೀದೇವಿಯ ಕಥೆ. ಅತ್ತೆಯಿಂದ ಶುರುಮಾಡಿದ್ದಕ್ಕೆ ಶ್ರೀದೇವಿ ಬೇಸರಪಡುವುದಿಲ್ಲ. ಅವಳ ಹಾಡು ಶುರುವಾಗುವುದೂ ಅಲ್ಲಿಂದಲೇ.

ಶ್ರೀದೇವಿಗೆ ಮೂವತ್ತೊಂದು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗುತ್ತಾಳೆ. ಅಲ್ಲಿಯ ಒಂದು ಬೀಜದ ಕಂಪನಿಯ ಹೊಲದಲ್ಲಿ ಕ್ರಾಸಿಂಗ್ ಕೆಲಸ. ಇನ್ನೂ ಅರಳದ ಟೊಮೆಟೊ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಎಳೆದು ತೆಗೆದು, ಮರುದಿನ ಬೇರೆ ಗಿಡದ ಪರಾಗವನ್ನು ಅದರ ತುದಿಗೆ ಮುಟ್ಟಿಸಬೇಕು. ಕೂದಲೆಳೆಯಷ್ಟು ಜಾಸ್ತಿ ಒತ್ತಿದರೆ ಮೊಗ್ಗು ಸತ್ತಿತು. ದೇಶದ ಎಷ್ಟೋ ಹಿತ್ತಲುಗಳ ಟೊಮೆಟೊ ಈ ಹೆಂಗಸರ ಬೆರಳ ತುದಿಯಲ್ಲಿ ಹುಟ್ಟುತ್ತದೆ. ಪಾಕೀಟಿನ ಮೇಲೆ ಮಾತ್ರ ಮೀಸೆ ಹೊತ್ತ ರೈತನ ಚಿತ್ರ ಇರುತ್ತದೆ. ಹತ್ತು ವರ್ಷ ಮೊಗ್ಗು ಬಿಡಿಸಿದ ಮೇಲೆ ಶ್ರೀದೇವಿಯನ್ನು ಮೇಲ್ವಿಚಾರಕಿ ಮಾಡಿದರು. ಸಾಲುಗಳ ಫೋಟೋ ತೆಗೆದು ಕಳಿಸಲು ಟ್ಯಾಬು ಕೊಟ್ಟರು. ಕಂಪನಿಗೆ ಹೊಸ ಟ್ಯಾಬು ಬಂದಾಗ ಮೂಲೆ ಒಡೆದ ಹಳೆಯದನ್ನು "ನೀವ ಇಟ್ಕೋರಿ" ಎಂದರು. ಒಡೆದದ್ದನ್ನು ದಾನ ಮಾಡುವಾಗ ದೊಡ್ಡವರ ಕೈ ಬಹಳ ಧಾರಾಳ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಎಲ್ಲರೂ ಕೂತಿದ್ದರು. ಟ್ಯಾಬಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುವ ವೀಡಿಯೋ ಮುಗಿದು, ತನ್ನಷ್ಟಕ್ಕೆ ಇನ್ನೊಂದು ಶುರುವಾಯಿತು. ಉದ್ದ ಕೂದಲಿನ ನಾಲ್ಕು ಗಂಡಸರು ತಲೆ ಕೊಡವುತ್ತ ಗಿಟಾರು ಬಾರಿಸುತ್ತಿದ್ದರು. ಒಬ್ಬ ಗಂಟಲು ಹರಿಯುವಂತೆ ಗುಡುಗುತ್ತಿದ್ದ.

"ಅಯ್ಯ, ಬಂದ್ ಮಾಡ್ರಿ ಅಕ್ಕಾರ! ಅಂವಗ ಮೈಯಾಗ ದೇವ್ರು ಬಂದೈತಿ" ಎಂದಳು ಒಬ್ಬಳು.

ಶ್ರೀದೇವಿ ಬಂದ್ ಮಾಡಲಿಲ್ಲ. ಆ ದನಿ ಅವಳಿಗೆ ಪರಿಚಯದ್ದು. ಅವಳ ಮನೆಯಲ್ಲಿ ಬೆಳಿಗ್ಗೆ ಚಹಾ ಕೇಳುವ ದನಿ ಅದು.

ಸಂಜೆ ಅತ್ತೆಗೆ ತೋರಿಸಿದಳು. ಕರೆವ್ವ ಕಿವಿಗೊಟ್ಟು ಕೇಳಿ, ಮರುಗಿದಳು. "ಪಾಪ. ಯಾರ ಗೋದಾಮಿನ್ಯಾಗ ಕೆಲಸ ಮಾಡ್ತಾನ ಇಂವ?"

"ಗೋದಾಮಲ್ಲ ಅತ್ತಿ, ಇದು ಹಾಡು. ಹೆವಿ ಮೆಟಲ್ ಅಂತಾರ. ಹಿಂಗ ಹಾಡಾಕ ಅವ್ರು ವರ್ಷಗಟ್ಟಲೆ ಕಲೀತಾರ."

"ಹೌದೇನ? ನಾ ಬಿಟ್ಟೀ ಕಲ್ತೇನಲ್ಲ!"

ಈಗ ನಿಮ್ಮ ಮುಖ ನನಗೆ ಕಾಣಿಸುತ್ತಿದೆ. ಬ್ಯಾಡಗಿಯಲ್ಲಿ ಹೆವಿ ಮೆಟಲ್ಲೇ? ಸಂತರ ನಾಡಿನಲ್ಲಿ, ಭಜನೆಯ ನಾಡಿನಲ್ಲಿ? ನಿಮಗೆ ತಿಳಿಸುತ್ತೇನೆ. ಗಿಟಾರಿನ ದನಿಯನ್ನು ಬೇಕೆಂದೇ ಒಡೆದು, ಡ್ರಮ್ಮನ್ನು ಗಿರಣಿಯಂತೆ ಓಡಿಸಿ, ಅದರ ಮೇಲೆ ಮನುಷ್ಯ ಕೂಗುವ ಸಂಗೀತ ಅದು. ಮೆತ್ತಗೆ ಹೇಳಿದ್ದು ಯಾರಿಗೂ ಕೇಳಿಸದ ಊರುಗಳಿಗೆ ಹೇಳಿ ಮಾಡಿಸಿದ್ದು. ಇದಕ್ಕಿಂತ ಒಳ್ಳೆಯ ನಾಡಗೀತೆ ನಮಗೆ ಸಿಕ್ಕೀತೇ?

ಶ್ರೀದೇವಿ ಗಿಟಾರನ್ನು ಕೈಯಿಂದ ಮುಟ್ಟಿದವಳಲ್ಲ. ಅವಳಿಗೆ ಸಿಕ್ಕಿದ್ದು ಟ್ಯಾಬಿನಲ್ಲಿ ಪುಕ್ಕಟೆ ಬರುವ ಒಂದು ಆ್ಯಪು. ಅದರಲ್ಲಿ ಗಾಜಿನ ಮೇಲೆ ಗಿಟಾರಿನ ತಂತಿ ಮೂಡುತ್ತದೆ, ಬೆರಳು ಎಳೆದರೆ ದನಿ ಬರುತ್ತದೆ. ಡ್ರಮ್ಮಿಗೆ ಬರೀ ಚೌಕಗಳು. ಯಾವ ಚೌಕ ಒತ್ತಿದರೆ ಯಾವ ಹೊಡೆತ ಎಂದು ತಾನೇ ಬರೆದುಕೊಂಡಳು, ಅದೂ ಕ್ರಾಸಿಂಗ್ ಪಟ್ಟಿಯ ಹಿಂಬದಿಗೆ. ಮೊದಲ ತಿಂಗಳು ಎಲ್ಲ ಹೊಡೆತಗಳನ್ನೂ ಗೆರೆಗೆ ಸರಿಯಾಗಿ ಕೂರಿಸಿದಳು. ಹಾಡು ಗೋಡೆ ಗಡಿಯಾರದಂತೆ ಕೇಳಿತು. ಆಮೇಲೆ ತಿಳಿಯಿತು, ಮನುಷ್ಯ ಬಾರಿಸಿದರೆ ಒಂದು ಹೊಡೆತ ಕೂದಲೆಳೆ ಹಿಂದೆ ಬೀಳುತ್ತದೆ, ಒಂದು ಮುಂದೆ. ಕೂದಲೆಳೆಯ ಲೆಕ್ಕ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೊಗ್ಗು ಬಿಡಿಸುವ ಬೆರಳಿನಿಂದಲೇ ಒಂದೊಂದು ಹೊಡೆತವನ್ನೂ ಅತ್ತಿತ್ತ ಸರಿಸಿದಳು. ಬಸ್ಸಿನಲ್ಲಿ ಕೂತು, ಬುತ್ತಿ ಹೊತ್ತಿನಲ್ಲಿ ಕೂತು, ನಾಲ್ಕು ತಿಂಗಳು ಒಂದೇ ಹಾಡು. ಬೇಸ್ ಡ್ರಮ್ಮು ಜೋರಾಗಿ ಓಡುವ ಕಡೆ ಎರಡು ತೋರುಬೆರಳು ಗಾಜಿನ ಮೇಲೆ ಬೀಳುವುದನ್ನು ನೋಡಿದರೆ ಯಾರೋ ಲಗುಬಗೆಯಿಂದ ಶೇಂಗಾ ಸುಲಿಯುತ್ತಿದ್ದಾರೆ ಅನ್ನಿಸಬೇಕು.

ಗಂಡ ವೀರೇಂದ್ರ ಸಾರಿಗೆ ಬಸ್ಸಿನ ಕಂಡಕ್ಟರ್. ಅರ್ಧ ಹಾಡು ಕೇಳಿ, "ನಮ್ಮ ಗಾಡಿ ಗೇರ್ ಬಾಕ್ಸೂ ಹಿಂಗ ಅಂತೈತಿ. ಡಿಪೋಕ್ಕ ಬರ್ದ ಕೊಟ್ಟೇನಿ" ಎಂದು ಊಟಕ್ಕೆ ಕೂತ. ವಿಮರ್ಶೆ ಅಷ್ಟಕ್ಕೇ ಮುಗಿಯಿತು.

ಉಳಿದದ್ದು ದನಿ. ಅದನ್ನು ಮಾತ್ರ ಟ್ಯಾಬಿನಿಂದ ತೆಗೆಯಲಾಗಲಿಲ್ಲ. ಆ್ಯಪಿನೊಳಗೆ ರಾಕ್ಷಸರ ದನಿಗಳೂ ಇದ್ದವು, ಪರೀಕ್ಷೆ ಮಾಡಿದಳು. ನಾಟಕದ ರಾಕ್ಷಸರಂತೆ ಕೇಳಿದವು. ಒಂದು ಭಾನುವಾರ ಮಧ್ಯಾಹ್ನ ಅತ್ತೆಯನ್ನು ಒಳಕೋಣೆಯಲ್ಲಿ ಕೂರಿಸಿ, ಹೊರಗಿನ ಸದ್ದು ಬಾರದಿರಲೆಂದು ಅವಳ ತಲೆಯ ಮೇಲೆ ಎರಡು ಕೌದಿ ಹೊದಿಸಿ, ಒಳಗೆ ಟ್ಯಾಬು ಹಿಡಿದಳು.

"ಏನಂತ ಹಾಡ್ಲಿ?"

"ನಿಮಗ ಏನ ಬರತೈತಿ ಅದನ್ನ."

"ನನಗ ಬರೋದು ಒಂದ ಮಾತು. ಇಪ್ಪತ್ತೆರಡು ವರ್ಷ ಅದನ್ನ ಹೇಳೇನಿ. ಧಣೀರ, ಕಿಟಕಿ ತಗೀರಿ."

"ಅದ ಸಾಕು. ಆದ್ರ ಧಣೀರ ಬ್ಯಾಡ, ತಾಳಕ್ಕ ಉದ್ದ ಆಕ್ಕತಿ. ಕಿಟಕಿ ತಗೀ ಅನ್ರಿ."

"ಸಾವಕಾರ್ರಿಗೆ ತಗೀ ಅನ್ಲೇನ? ಚಲೋ ಮಾತಾಡ್ತಿ!"

"ತಾಳಕ್ಕ ಅನ್ರಿ ಅತ್ತಿ. ಅವ್ರಿಗೆ ಅನಬ್ಯಾಡ್ರಿ."

ಕರೆವ್ವ ತಾಳಕ್ಕೆ ಅಂದಳು. ಮೊದಲನೆಯ ಸಲಕ್ಕೆ ಗೂಡಿನ ಮೇಲಿನ ಗಿಂಡಿ ಅಲ್ಲಾಡಿತು. ಮೂರನೆಯ ಸಲಕ್ಕೆ ಪಕ್ಕದ ಮನೆಯ ಮುಮ್ತಾಜಬಿ ಓಡಿಬಂದು ಬಾಗಿಲಲ್ಲಿ ನಿಂತಳು. ಕಂಡದ್ದೇನು? ಕೌದಿಯೊಳಗೆ ಮುದುಕಿ, ಮೇಲೆ ಬಗ್ಗಿ ನಿಂತ ಸೊಸೆ.

"ಯಾ ಅಲ್ಲಾ! ಶ್ರೀದೇವಿ, ಅತ್ತೀನ ಕೌದ್ಯಾಗ ಹಾಕಿ ಒತ್ತಾಕತ್ತೀ ಏನ?"

ಕೌದಿ ಗುಡುಗಿತು. "ಏ ಮುಮ್ತಾಜಬಿ, ಸುಮ್ನ ಕುಂದ್ರ! ನಾ ಹಾಡಾಕತ್ತೇನಿ!"

"ಇದು ಹಾಡೇನ? ಕೆಮ್ಮ ಹತ್ತೈತಿ ಅಂತ ನಾ ನೀಲಗಿರಿ ಎಣ್ಣಿ ತಂದೇನಿ!"

ಆ "ಯಾ ಅಲ್ಲಾ"ವನ್ನು ಹಾಡಿನಿಂದ ಕತ್ತರಿಸಲು ಶ್ರೀದೇವಿಗೆ ಒಂದು ವಾರ ಹಿಡಿಯಿತು. ಎಣ್ಣೆಯನ್ನು ಇಟ್ಟುಕೊಂಡರು.

ಹಾಡು ಮೊದಲು ಕ್ರಾಸಿಂಗ್ ಹೆಂಗಸರ ಮೊಬೈಲಿಗೆ ಹೋಯಿತು. ಅಲ್ಲಿಂದ ರಾಣೆಬೆನ್ನೂರಿನ ಜಿಮ್ಮಿಗೆ, ಜಿಮ್ಮಿನಿಂದ ಟ್ರ್ಯಾಕ್ಟರುಗಳಿಗೆ. ಬೈಸೆಪ್ಸ್ ತೋರಿಸುವಾಗ "ಕಿಟಕಿ ತಗೀ". ಕಾರಿನ ಗಾಜು ಇಳಿಸಿ ಕಪ್ಪು ಕನ್ನಡಕ ಹಾಕಿಕೊಳ್ಳುವಾಗ "ಕಿಟಕಿ ತಗೀ". ಮೂವತ್ತು ಸಾವಿರ ಮಂದಿ ಕೇಳಿದರು. ಒಬ್ಬನಾದರೂ ಯಾವ ಕಿಟಕಿ ಎಂದು ಕೇಳಲಿಲ್ಲ. ನಿಮ್ಮ ಮೊಬೈಲಿನಲ್ಲೂ ಅದು ಇದೆ. ಇಲ್ಲ ಅನ್ನಬೇಡಿ.

ಹಾವೇರಿಯ ಒಂದು ಸಾಂಸ್ಕೃತಿಕ ಬಳಗಕ್ಕೂ ಅದು ಮುಟ್ಟಿತು. ಬಳಗದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಈ ಲೇಖನವನ್ನೂ ಬ್ಯಾನರಿಗೆ ಅಂಟಿಸುವ ಜನ. ಕಾರ್ಯದರ್ಶಿ ವಿಜಯೇಂದ್ರ ಫೋನು ಮಾಡಿದರು.

"ನಮಸ್ಕಾರ. ಬ್ಯಾಂಡಿನವರೇನ್ರಿ? ನಿಮಗ ಸನ್ಮಾನ ಇಟ್ಟೇವಿ. ಎಷ್ಟ ಮಂದಿ ಇದ್ದೀರಿ? ಖುರ್ಚಿ ಹಾಕ್ಲಿಕ್ಕೆ ಬೇಕಾಗಿತ್ತು."

"ನಾನು, ನಮ್ಮತ್ತಿ."

"ಗಿಟಾರ್ ಬಾರ್ಸವರು?"

"ಟ್ಯಾಬಿನ್ಯಾಗ ಅದಾರ್ರಿ."

"ಡ್ರಮ್ಮಿನವರು?"

"ಅವ್ರೂ ಅಲ್ಲೇ ಅದಾರ್ರಿ."

ವಿಜಯೇಂದ್ರ ಖುರ್ಚಿಯ ಲೆಕ್ಕ ಬಿಟ್ಟು ಶಾಲಿನ ಲೆಕ್ಕಕ್ಕೆ ಬಂದರು. "ಟ್ಯಾಬಿಗೆ ಶಾಲು ಹೊದಸ್ಲಿಕ್ಕೆ ಬರೂದಿಲ್ಲ ತಂಗಿ. ಬ್ಯಾಂಡ್ ಅಂದ್ರ ನಾಲ್ಕು ಮಂದಿ ಅಂತ ಬ್ಯಾನರಿನ್ಯಾಗ ಹಾಕ್ಸೇಬಿಟ್ಟೇವಿ. ನಾವ ಹೊಂದಸ್ತೀವಿ, ನೀವೇನೂ ಚಿಂತಿ ಮಾಡಬ್ಯಾಡ್ರಿ."

ಶ್ರೀದೇವಿ ಬೇಡವೇ ಬೇಡ ಎಂದಳು. ಆದರೆ ಆಮಂತ್ರಣ ಪತ್ರ ಬಂತು. ಅದರಲ್ಲಿ ಅಧ್ಯಕ್ಷತೆ ಶ್ರೀ ಅಂದಾನೆಪ್ಪನವರದು. ಕರೆವ್ವ ಪತ್ರವನ್ನು ತಿರುವಿ ಮುರುವಿ ನೋಡಿದಳು.

"ನಾ ಹಾಡೂ ಮುಂದ ಸಾವಕಾರ್ರು ಎದುರಿಗೆ ಕುಂದರ್ತಾರೇನ?"

"ಮೊದಲ್ನೇ ಸಾಲಿನ್ಯಾಗ."

"ಮೈಕ್ ದೊಡ್ಡದ ಇರತೈತೇನ?"

"ಭಾಳ ದೊಡ್ಡದು."

"ಹಂಗಾರ ನಡಿ ಹೋಗೂಣು. ಬಾಯಿಲೆ ಹೇಳಿದ್ದು ಅವ್ರಿಗೆ ಕೇಳ್ಸಿಲ್ಲ. ಮೈಕಿನ್ಯಾಗ ಕೇಳ್ತೈತಿ. ಕೇಳಿದ್ರ ಕಿಟಕಿ ತಗೀತಾರ, ಕೆಟ್ಟವ್ರಲ್ಲ ಅವ್ರು."

ಇಪ್ಪತ್ತೆರಡು ವರ್ಷದ ಮೇಲೂ ಹೀಗೆ ನಂಬುವವರು ಇದ್ದಾರೆಂದೇ ನಮ್ಮ ಊರುಗಳಲ್ಲಿ ಸಾವಕಾರಿಕೆ ಸುಖವಾಗಿ ನಡೆದಿದೆ.

ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಒಂದೂವರೆಯವರೆಗೆ ಮೆಣಸಿನಕಾಯಿಯ ಬಣ್ಣದ ಬಗ್ಗೆ ಭಾಷಣ. ವಿಜಯೇಂದ್ರ ಹೊಂದಿಸಿದ ಬ್ಯಾಂಡಿನವರು ಹಾಜರಿದ್ದರು. ರಾಣೆಬೆನ್ನೂರಿನ ಜಿಮ್ಮಿನ ನಾಲ್ವರು ಹುಡುಗರು, ಕರಿ ಬನಿಯನ್ನು, ಯಾವುದೋ ಆರ್ಕೆಸ್ಟ್ರಾದಿಂದ ತಂದ ಗಿಟಾರು. ಅವರ ಮುಂದಾಳು ಲಕ್ಕಪ್ಪ ಮೆಲ್ಲಗೆ ಬಂದು, "ಅಕ್ಕಾರ, ನನ್ನ ಗಿಟಾರಿಗೆ ಎರಡ ತಂತಿ ಅದಾವು" ಎಂದ.

"ಇದ್ದದ್ದ ಎರಡೂ ಮುಟ್ಟಬ್ಯಾಡಪಾ. ಹಿಡ್ಕೊಂಡ ಕುಣಿ" ಎಂದಳು ಶ್ರೀದೇವಿ.

ಕರೆವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಿದ್ದಳು. ಕರಿ ಬನಿಯನ್ನುಗಳ ನಡುವೆ ಆ ಸೆರಗು ಫೋಟೋ ಕೆಡಿಸುತ್ತದೆ ಎಂದು ಯಾರಿಗೋ ಹೊಳೆಯಿತು. "ಅಜ್ಜೀ, ಇಲ್ಲೆ ಆರಾಮ ಕೂಡ್ರಿ" ಎಂದು ಅವಳ ಖುರ್ಚಿಯನ್ನು ದೊಡ್ಡ ಸ್ಪೀಕರ್ ಡಬ್ಬಿಯ ಹಿಂದೆ ಇಟ್ಟರು. ಮೈಕು ಕೊಟ್ಟರು, ಅಷ್ಟು ಉಪಕಾರ.

ಶ್ರೀದೇವಿ ಟ್ಯಾಬು ಒತ್ತಿದಳು. ಇಲ್ಲದ ಗಿಟಾರು ಮೊಳಗಿತು, ಇಲ್ಲದ ಡ್ರಮ್ಮು ಓಡಿತು, ಇದ್ದ ನಾಲ್ವರು ಕುಣಿದರು. ಸ್ಪೀಕರಿನ ಹಿಂದೆ ಕರೆವ್ವ ಎದ್ದು ನಿಂತು, ಕಣ್ಣು ಮುಚ್ಚಿ, ಗಂಟಲಲ್ಲಿ ಉಳಿದಿದ್ದನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು. ಕಿಟಕಿ ತಗೀ! ಮೊದಲ ಸಾಲಿನ ಮಂದಿ ಖುರ್ಚಿಯ ಕೈ ಹಿಡಿದುಕೊಂಡರು. ಕಿಟಕಿ ತಗೀ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಅಂದಾನೆಪ್ಪ ಸಾವಕಾರರು.

ಆಮೇಲೆ ಸನ್ಮಾನ. ನಾಲ್ಕು ಶಾಲು ನಾಲ್ಕು ಬನಿಯನ್ನುಗಳ ಮೇಲೆ ಬಿದ್ದವು. ವಿಜಯೇಂದ್ರ ಮೈಕು ಹಿಡಿದು, "ಈ ಯುವಕರ ಬೆರಳಿನ ಸಾಧನೆಯನ್ನು ನಾವೆಲ್ಲ ಕಣ್ಣಾರೆ ಕಂಡೆವು" ಎಂದರು. "ಇನ್ನು ಆ ಭೀಕರ ದನಿ! ಅದು ಮನುಷ್ಯರ ದನಿಯಲ್ಲ. ಅದು ಟ್ಯಾಬಿನ ಕರಾಮತ್ತು. ವಿಜ್ಞಾನ ಎಲ್ಲಿಗೆ ಬಂದು ನಿಂತಿದೆ ನೋಡಿ!"

ಶ್ರೀದೇವಿ ಹೋಗಿ ಮೈಕು ತೆಗೆದುಕೊಂಡಳು. "ಸರ, ಗಿಟಾರ್ ಸುಳ್ಳ ಐತ್ರಿ. ಡ್ರಮ್ಮೂ ಸುಳ್ಳ ಐತಿ. ಈ ತಮ್ಮಂದಿರಿಗೆ ಬಾರ್ಸಾಕ ಬರಂಗಿಲ್ಲ. ಈ ಹಾಡಿನ್ಯಾಗ ಖರೇ ಇರೋದು ಆ ದನಿ ಒಂದ. ಅದು ನಮ್ಮತ್ತೀದು."

ಸಭೆ ಬಿದ್ದು ಬಿದ್ದು ನಕ್ಕಿತು. "ಅತ್ತೀ ಮ್ಯಾಲಿನ ಸಿಟ್ಟ ಹೆಂಗ ತೀರ್ಸಿದ್ಲು ನೋಡ್ಲೇ" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಇನ್ನಷ್ಟು ನಗೆ. ನಾವು ಹೀಗೆಯೇ. ಸುಳ್ಳಿಗೆ ಶಾಲು ಹೊದಿಸುತ್ತೇವೆ, ಖರೇ ಕಂಡರೆ ಇದು ಮಿಷನ್ನಿನದು ಅನ್ನುತ್ತೇವೆ.

ನಗೆ ಮುಗಿಯುವುದರೊಳಗೆ ಕರೆವ್ವ ಸ್ಪೀಕರಿನ ಹಿಂದಿನಿಂದ ನಡೆದುಬಂದು ಸಾವಕಾರರ ಎದುರು ನಿಂತಿದ್ದಳು. "ಧಣೀರ, ಕಿಟಕಿ..." ಎಂದಳು. ಕೆಮ್ಮು ಹತ್ತಿತು.

"ಏ, ಮುದುಕಿಗೆ ನೀರ ಕೊಡ್ರಲೇ. ಯಾರಬೇ ನೀನು?"

"ನಿಮ್ಮ ಗೋದಾಮಿನ ಕರೆವ್ವರಿ. ಎಡಗಡೆ ಸಾಲಿನ್ಯಾಗ ಮೂರನೇದಾಕಿ."

"ಓಹೋ, ನಮ್ಮಾಕಿ!" ಸಾವಕಾರರ ಮುಖ ಅರಳಿತು. ಫೋಟೋದವನನ್ನು ಕರೆದರು. "ಬಾ ಇಲ್ಲೆ. ನಮ್ಮ ಗೋದಾಮಿನಾಕಿ ಈಕಿ. ಕೂಡಿ ಒಂದ ಹೊಡಿ. ಅಲ್ಲವಾ ಶ್ರೀದೇವಿ, ಆ ಆ್ಯಪ್ ಯಾವ್ದು? ನನ್ನ ಮೊಮ್ಮಗಗ ಹಾಕ್ಕೊಡ."

"ಕಿಟಕಿ, ಧಣೀರ?"

"ನೋಡೂಣು."

ಇದು ಇಪ್ಪತ್ತಮೂರನೆಯದು.

ಸಾವಕಾರರು ಹಾಡನ್ನು ಮರೆತರು ಎಂದುಕೊಳ್ಳಬೇಡಿ. ಅವರು ಕಲಾಪ್ರೇಮಿಗಳು. ಸೋಮವಾರ ಗೋದಾಮಿಗೆ ಹೊಸ ಸ್ಪೀಕರು ಬಂತು. "ನಿಮ್ಮಾಕಿ ಹಾಡು, ನೀವ ಕೇಳ್ರಿ. ಕೈ ಲಗೂ ಲಗೂ ಓಡ್ತಾವು" ಎಂದು ತಾವೇ ನಿಂತು ಹಚ್ಚಿಸಿದರು. ಕೈಗಳು ಖರೇನೇ ಓಡಿದವು. ಶ್ರೀದೇವಿ ಕೂದಲೆಳೆ ಹಿಂದೆ ಮುಂದೆ ಮಾಡಿ ಕೂರಿಸಿದ ಹೊಡೆತ ಅಷ್ಟು ಪಕ್ಕಾ ಇತ್ತು. ಸ್ಪೀಕರು ಇಡಲು ಎತ್ತರದ ಜಾಗ ಬೇಕಿತ್ತು. ಹದಿನಾಲ್ಕು ಚೀಲದ ಮೇಲೆ ಇಟ್ಟರು.

ಕರೆವ್ವನ ದನಿ ಹಾವೇರಿಯ ಆ ಮಧ್ಯಾಹ್ನವೇ ಹೋಯಿತು. ಮತ್ತೆ ಬರಲಿಲ್ಲ. ಡಾಕ್ಟರು ನೋಡಿ, "ಮಾತಾಡಬ್ಯಾಡ್ರಿ, ಧೂಳಿನ್ಯಾಗ ಕುಂದರಬ್ಯಾಡ್ರಿ" ಎಂದು ಎರಡು ಪಥ್ಯ ಹೇಳಿದರು. ಮೊದಲನೆಯದು ಹೇಳುವ ಮೊದಲೇ ಆಗಿಹೋಗಿತ್ತು. ಎರಡನೆಯದು ಅವಳ ಕೈಯಲ್ಲಿಲ್ಲ. ಈಗ ಎಡಗಡೆ ಸಾಲಿನ ಮೂರನೆಯ ಜಾಗದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತು ತೊಟ್ಟು ಬಿಡಿಸುತ್ತಾಳೆ. ತಲೆಯ ಮೇಲೆ ಅವಳದೇ ದನಿ ದಿನಕ್ಕೆ ನಲವತ್ತು ಸಲ ಕಿಟಕಿ ತಗೀ ಎಂದು ಅರಚುತ್ತದೆ.

ಮೊನ್ನೆ ಶ್ರೀದೇವಿ ರಜೆ ಹಾಕಿ ಗೋದಾಮಿಗೆ ಹೋದಳು. ಲೆಕ್ಕ ಬರೆಯುವ ಮುನಶಿ ಗೂಡುಸಾಬ ತಡೆದ. "ತಂಗಿ, ನನಗೂ ಕೆಮ್ಮ ಐತಿ. ಆದ್ರ ಚೀಲಕ್ಕ ಕೈ ಹಚ್ಚಬ್ಯಾಡ. ಸಾವಕಾರ್ರು ನನ್ನ ಕೇಳ್ತಾರ."

"ಕೇಳಿದ್ರ ನೋಡ್ಲಿಲ್ಲ ಅನ್ನು, ಗೂಡುಸಾಬಣ್ಣ."

ಗೂಡುಸಾಬ ಅವಳನ್ನು ನೋಡಿದ. ಕರೆವ್ವನನ್ನು ನೋಡಿದ. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ. ಶ್ರೀದೇವಿ ಸ್ಪೀಕರು ಇಳಿಸಿ, ಮೇಲಿನ ಒಂದು ಚೀಲವನ್ನು ಎಳೆದು ಕೆಡವಿದಳು. ಒಂದಕ್ಕೇ ಅವಳ ರಟ್ಟೆ ಸೋತಿತು. ಅಂಗೈ ಅಗಲದ ಬಿಸಿಲು ಒಳಗೆ ಬಿತ್ತು. ಅದರಲ್ಲಿ ಕೆಂಪಗೆ ಸುತ್ತುತ್ತಿದ್ದ ಧೂಳನ್ನು ಮೂವತ್ತು ಹೆಂಗಸರೂ ಕೈ ನಿಲ್ಲಿಸಿ ನೋಡಿದರು. ಇಷ್ಟು ವರ್ಷ ತಾವು ಉಸಿರಾಡಿದ್ದು ಏನೆಂದು ಅವರಿಗೆ ಕಂಡದ್ದು ಅವತ್ತೇ. ಮರುದಿನ ಬೆಳಿಗ್ಗೆ ಚೀಲ ಮತ್ತೆ ಅಲ್ಲೇ ಇತ್ತು, ಸ್ಪೀಕರೂ ಅದರ ಮೇಲೇ.

ಈಗ ನಿಮ್ಮ ಸರದಿ. ಹಾಡು ಕೇಳಿ ತಲೆ ಕೊಡವಿದವರು ಮೂವತ್ತು ಸಾವಿರ. ಹಾವೇರಿಯಲ್ಲಿ ಚಪ್ಪಾಳೆ ಹೊಡೆದವರು ಮುನ್ನೂರು. ನನಗೆ ಅಷ್ಟು ಜನ ಬೇಡ. ಹದಿನಾಲ್ಕು ಜನ ಬನ್ನಿ, ತಲೆಗೊಂದು ಚೀಲ. ಲಕ್ಕಪ್ಪ ಮತ್ತು ಅವನ ಮೂವರು ಗೆಳೆಯರು ಮೊದಲು ಬರಲಿ, ಶಾಲು ಹೊದ್ದ ಋಣ ಇದೆ, ರಟ್ಟೆಯೂ ಇದೆ. ಗೋದಾಮು ಹುಡುಕುವುದು ಕಷ್ಟವಲ್ಲ, ಬ್ಯಾಡಗಿಯಲ್ಲಿ ಬಸ್ಸು ಇಳಿದು ಹಾಡು ಕೇಳಿಬರುವ ಕಡೆ ನಡೆಯಿರಿ. ಹಗಲು ಹೊತ್ತಿನಲ್ಲಿ, ಸಾವಕಾರರು ಗಾದಿಯ ಮೇಲೆ ಕೂತಿರುವಾಗಲೇ ಬನ್ನಿ. ಮೊಬೈಲು ಕಿಸೆಯಲ್ಲಿಡಿ. ಚೀಲ ಎತ್ತಿ. ಕಿಟಕಿ ತೆಗೆಯಿರಿ.